ಅಜ್ಜಿಯ ಕಾಲು ಉಳಿಸಿದ ‘ಹುಚ್ಚ’ ಡಾಕ್ಟರ್: ಯಾರು ಈ ಚಾರ್ಲ್ಸ್ ಡಾಟರ್?

1964ರ ಜನವರಿ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಆಸ್ಪತ್ರೆಯಲ್ಲಿ 82 ವರ್ಷದ ಅಜ್ಜಿಯೊಬ್ಬರು ಹಟ ಹಿಡಿದು ಮಲಗಿದ್ದರು. ತೊಡೆಯ ರಕ್ತನಾಳ ಕಿರಿದಾಗಿ ಪಾದಕ್ಕೆ ರಕ್ತವೇ ಇಳಿಯುತ್ತಿರಲಿಲ್ಲ. ಬೆರಳುಗಳಿಗೆ ಗ್ಯಾಂಗ್ರೀನ್ ಆಗಿತ್ತು. ಕಾಲು ಕತ್ತರಿಸಲೇಬೇಕು ಎಂದರು ವೈದ್ಯರು. ಅಜ್ಜಿ ಸುತಾರಾಂ ಒಪ್ಪಲಿಲ್ಲ. ಹೀಗಾಗಿ ಅವರ ಪ್ರಕರಣ ರೇಡಿಯಾಲಜಿ ವಿಭಾಗದ ಮುಖ್ಯಸ್ಥ ಚಾರ್ಲ್ಸ್ ಡಾಟರ್ ಕೈಗೆ ಬಂತು.

1920ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಡಾಟರ್, 32ನೇ ವಯಸ್ಸಿಗೇ ಒರೆಗಾನ್ ವೈದ್ಯಕೀಯ ಕಾಲೇಜಿನಲ್ಲಿ ಈ ಹುದ್ದೆಗೇರಿದ್ದರು. ಆಗ ರೇಡಿಯಾಲಜಿಸ್ಟ್ ಎಂದರೆ ಎಕ್ಸ್‌ರೇ ತೆಗೆದು ವರದಿ ಬರೆಯುವವರು, ಅಷ್ಟೇ. ಆದರೆ 1963ರಲ್ಲಿ ಒಂದು ಆಕಸ್ಮಿಕ ನಡೆಯಿತು. ರೋಗಿಯೊಬ್ಬರ ರಕ್ತನಾಳದ ಚಿತ್ರ ತೆಗೆಯಲು ಡಾಟರ್ ತೂರಿಸಿದ ಕ್ಯಾತಿಟರ್, ಮುಚ್ಚಿಹೋಗಿದ್ದ ನಾಳವನ್ನೇ ಹಾದು ಮುಂದೆ ಹೋಯಿತು. ಬೇರೆಯವರಾಗಿದ್ದರೆ ಸದ್ಯ ಏನೂ ಆಗಲಿಲ್ಲವಲ್ಲ ಎಂದು ಸುಮ್ಮನಾಗುತ್ತಿದ್ದರೇನೋ. ಡಾಟರ್‌ಗೆ ಅದರಲ್ಲಿ ಚಿಕಿತ್ಸೆಯೇ ಕಂಡಿತು.

ಅಜ್ಜಿಯ ಮೇಲೆ ಪ್ರಯೋಗಿಸಿದ್ದೂ ಅದನ್ನೇ. ಜನವರಿ 16ರಂದು ಡಾಟರ್ ತೆಳು ತಂತಿಯೊಂದನ್ನು ಚರ್ಮದ ಮೂಲಕ ನಾಳಕ್ಕೆ ಇಳಿಸಿದರು. ಅದರ ಮೇಲೆ ಸಣ್ಣ ಕ್ಯಾತಿಟರ್, ಅದರ ಮೇಲೆ ಇನ್ನೂ ದಪ್ಪದ್ದು ಜಾರಿಸಿ ದಾರಿ ಅಗಲ ಮಾಡಿದರು. ದೊಡ್ಡ ಆಪರೇಷನ್ ಇಲ್ಲ, ಹೊಲಿಗೆ ಇಲ್ಲ. ತಣ್ಣಗಿದ್ದ ಪಾದ ಬೆಚ್ಚಗಾಯಿತು. ವಾರದೊಳಗೆ ನೋವು ಹೋಯಿತು. ಆಮೇಲೆ ಸುಮಾರು ಎರಡೂವರೆ ವರ್ಷ ಬದುಕಿದ ಅಜ್ಜಿ, ಕೊನೆಯವರೆಗೂ ತಮ್ಮ ಕಾಲ ಮೇಲೇ ನಡೆದಾಡಿದರು.

ಇಷ್ಟಾದರೂ ಅಮೆರಿಕದ ಸರ್ಜನ್‌ಗಳು ನಂಬಲಿಲ್ಲ. ಚಿತ್ರ ಮಾತ್ರ ತೆಗೆಯಿರಿ, ರಿಪೇರಿಗೆ ಕೈಹಾಕಬೇಡಿ ಎಂದು ಚೀಟಿ ಬರೆದು ರೋಗಿಯನ್ನು ಕಳುಹಿಸಿದವರೂ ಇದ್ದರು! ಗಿಟಾರ್ ತಂತಿ, ಕಾರಿನ ಸ್ಪೀಡೋಮೀಟರ್ ಕೇಬಲ್‌ಗಳಿಂದಲೂ ಉಪಕರಣ ತಯಾರಿಸುತ್ತಿದ್ದ ಡಾಟರ್‌ಗೆ ‘ಕ್ರೇಜಿ ಚಾರ್ಲಿ’ ಎಂಬ ಅಡ್ಡಹೆಸರೂ ಅಂಟಿತು.

ಕೈಹಿಡಿದದ್ದು ಯುರೋಪ್. ಅಲ್ಲಿನ ವೈದ್ಯರು ಈ ವಿಧಾನವನ್ನು ‘ಡಾಟರಿಂಗ್’ ಎಂದೇ ಕರೆದರು. ಜರ್ಮನಿಯ ಆಂಡ್ರಿಯಾಸ್ ಗ್ರುಂಟ್ಸಿಗ್ ಇದಕ್ಕೆ ಬಲೂನ್ ಸೇರಿಸಿ, 1977ರಲ್ಲಿ ಜ್ಯೂರಿಕ್‌ನಲ್ಲಿ ಹೃದಯದ ರಕ್ತನಾಳವನ್ನೇ ಅಗಲಗೊಳಿಸಿದರು. ಇಂದು ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ನಡೆಯುವ ಆಂಜಿಯೋಪ್ಲಾಸ್ಟಿಯ ಬೇರು ಪೋರ್ಟ್‌ಲ್ಯಾಂಡ್‌ನ ಆ ಕೋಣೆಯಲ್ಲಿದೆ.

1978ರಲ್ಲಿ ಡಾಟರ್ ಹೆಸರು ನೊಬೆಲ್‌ಗೆ ಶಿಫಾರಸಾಯಿತು, ಪ್ರಶಸ್ತಿ ಮಾತ್ರ ಬರಲಿಲ್ಲ. ಕ್ಯಾನ್ಸರ್ ಕಾಡಿದರೂ ಪರ್ವತಾರೋಹಣದ ಹುಚ್ಚು ಬಿಡಲಿಲ್ಲ. ಅಲಾಸ್ಕಾ ಬಿಟ್ಟು ಅಮೆರಿಕದಲ್ಲಿ 14,000 ಅಡಿ ಮೀರಿದ 67 ಶಿಖರಗಳನ್ನೂ ಹತ್ತಿದರು. 1985ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಜ್ಜಿಯ ಚಿಕಿತ್ಸೆಯಲ್ಲಿ ಜೊತೆಗಿದ್ದ ಶಿಷ್ಯ ಮೆಲ್ವಿನ್ ಜಡ್ಕಿನ್ಸ್ ಕೂಡ ಅದೇ ವರ್ಷ ನಿಧನರಾದರು.