ಹಿಮದ ಲೆಕ್ಕಕ್ಕೆ ಹೊರಟ ಆಲ್‌ಫ್ರೆಡ್ ವೆಗೆನರ್

ಭೂಗೋಳದ ಪಾಠದಲ್ಲಿ ನಾವೆಲ್ಲರೂ ಆಲ್‌ಫ್ರೆಡ್ ವೆಗೆನರನ ಹೆಸರನ್ನು ಕೇಳಿದ್ದೇವೆ. ಭೂಖಂಡಗಳೆಲ್ಲ ಒಂದು ಕಾಲಕ್ಕೆ ಕೂಡಿಕೊಂಡಿದ್ದು, ಬರುಬರುತ್ತ ಸರಿದು ದೂರವಾದುವೆಂದು ಹೇಳಿದವನು ಈತನೇ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಈತನ ಜೀವನವನ್ನು ಸ್ವಲ್ಪ ವಿವರವಾಗಿ ನೋಡಿದವರಿಗೆ ಒಂದು ಸಂಗತಿ ಆಶ್ಚರ್ಯವನ್ನುಂಟುಮಾಡುತ್ತದೆ. ನಾಲ್ಕು ಸಲ ಈತನು ಗ್ರೀನ್‌ಲೆಂಡಿಗೆ ಹೋದದ್ದು, ಕೊನೆಗೆ ಅಲ್ಲಿಯೇ ಪ್ರಾಣ ಬಿಟ್ಟದ್ದು, ಮುಖ್ಯವಾಗಿ ಭೂಖಂಡಗಳಿಗಾಗಿ ಅಲ್ಲ. ಅಲ್ಲಿಯ ಹವೆಯನ್ನೂ ಮಂಜುಗಡ್ಡೆಯನ್ನೂ ಅಳೆಯುವುದಕ್ಕಾಗಿ.

ವೆಗೆನರನು 1880ನೆಯ ನವೆಂಬರ್ 1ರಂದು ಬರ್ಲಿನ್ ನಗರದಲ್ಲಿ ಹುಟ್ಟಿದನು. ತಂದೆ ಪಾದ್ರಿ, ಪ್ರಾಚೀನ ಭಾಷೆಗಳ ಉಪಾಧ್ಯಾಯ. ಐವರು ಮಕ್ಕಳಲ್ಲಿ ಇವನೇ ಕಿರಿಯವನು. 1905ರಲ್ಲಿ ಖಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದನಾದರೂ ದೂರದರ್ಶಕದ ಮುಂದೆ ಕುಳಿತುಕೊಳ್ಳುವ ಸ್ವಭಾವ ಇವನದಲ್ಲ. ಹವಾಶಾಸ್ತ್ರದ ಕಡೆಗೆ ತಿರುಗಿದನು. 1906ರಲ್ಲಿ ಅಣ್ಣ ಕುರ್ಟನೊಡನೆ ಬೆಲೂನಿನಲ್ಲಿ ಐವತ್ತೆರಡೂವರೆ ಗಂಟೆಗಳ ಕಾಲ ಆಕಾಶದಲ್ಲಿದ್ದು ಆಗಿನ ದಾಖಲೆಯನ್ನು ಮುರಿದನು. ಅದೇ ವರ್ಷ ಡೇನಿಷ್ ತಂಡವೊಂದರ ಹವಾತಜ್ಞನಾಗಿ ಗ್ರೀನ್‌ಲೆಂಡಿನ ಈಶಾನ್ಯ ತೀರಕ್ಕೆ ಹೋಗಿ ಎರಡು ಚಳಿಗಾಲಗಳನ್ನು ಕಳೆದನು. ಆ ತಂಡದ ನಾಯಕನೂ ಇಬ್ಬರು ಸಂಗಡಿಗರೂ ಹಿಮದಲ್ಲಿ ಸತ್ತರು. ಅದನ್ನು ಬಲ್ಲವನು ಮತ್ತೆ ಅತ್ತ ಮುಖ ಹಾಕಬಾರದಾಗಿತ್ತು. ಇವನಾದರೋ 1912ರಲ್ಲಿ ಮತ್ತೆ ಹೊರಟನು.

ಈ ಸಲ ನಾಯಕನು ಕಾಖ್ ಎಂಬ ಡೇನಿಷ್ ಅಧಿಕಾರಿ. ನಾಲ್ಕೇ ಜನ, ಸಾಮಾನು ಎಳೆಯಲು ಐಸ್‌ಲೆಂಡಿನ ತಟ್ಟುಗಳು. ಗ್ರೀನ್‌ಲೆಂಡಿನ ಒಳನಾಡಿನ ಮಂಜುಗಡ್ಡೆಯ ಮೇಲೆಯೇ ಚಳಿಗಾಲವನ್ನು ಕಳೆದವರಲ್ಲಿ ಇವರೇ ಮೊದಲಿಗರು. ಕಾಖನು ಬಿರುಕಿನೊಳಗೆ ಬಿದ್ದು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದನು. ಅಂಥ ಸ್ಥಿತಿಯಲ್ಲಿಯೂ ಹಿಮನದಿಯಲ್ಲಿ ಇಪ್ಪತ್ತೈದು ಮೀಟರು ಆಳದ ರಂಧ್ರವನ್ನು ಕೊರೆದು ಒಳಗಿನ ಶೀತೋಷ್ಣವನ್ನು ಅಳೆದರು! 1913ರ ಬೇಸಗೆಯಲ್ಲಿ ದ್ವೀಪದ ಬಹು ಅಗಲವಾದ ಭಾಗವನ್ನು ದಾಟಿ ಪಶ್ಚಿಮ ತೀರವನ್ನು ಸೇರುವಷ್ಟರಲ್ಲಿ ಆಹಾರ ಮುಗಿದು, ಜೊತೆಯಲ್ಲಿದ್ದ ನಾಯಿಯನ್ನೂ ಕೊಂದು ತಿನ್ನಬೇಕಾಯಿತು.

ಆಮೇಲೆ ಮದುವೆ, ಮಹಾಯುದ್ಧ, ಎರಡು ಸಲ ಗಾಯ, 1915ರಲ್ಲಿ ಭೂಖಂಡಗಳ ಮೇಲಣ ಗ್ರಂಥ, ಅದರ ಮೇಲೆ ಭೂವಿಜ್ಞಾನಿಗಳ ಅಪಹಾಸ್ಯ. ಇವೆಲ್ಲವೂ ಪ್ರಸಿದ್ಧವಾದ ಸಂಗತಿಗಳು. ಒಂದನ್ನು ಮಾತ್ರ ಹೇಳಬೇಕು. ಗ್ರೀನ್‌ಲೆಂಡು ವರ್ಷವರ್ಷವೂ ಪಶ್ಚಿಮಕ್ಕೆ ಅನೇಕ ಮೀಟರು ಸರಿಯುತ್ತಿದೆಯೆಂದು ರೇಖಾಂಶದ ಹಳೆಯ ಅಳತೆಗಳಿಂದ ಇವನು ನಂಬಿದ್ದನು. ನಿಜವಾದ ಚಲನೆ ವರ್ಷಕ್ಕೆ ಕೆಲವು ಸೆಂಟಿಮೀಟರು ಮಾತ್ರ. ಸಿದ್ಧಾಂತದ ತಿರುಳು ಸರಿಯಾಗಿದ್ದಿತು, ಅಳತೆ ತಪ್ಪಿದ್ದಿತು.

1924ರಲ್ಲಿ ಆಸ್ಟ್ರಿಯದ ಗ್ರಾಟ್ಸ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು. ಸುಖವಾಗಿ ಇರಬಹುದಾಗಿತ್ತು. ಆದರೆ ಗ್ರೀನ್‌ಲೆಂಡಿನ ಮಂಜುಗಡ್ಡೆಯ ದಪ್ಪವೆಷ್ಟೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಸಾಹುಕಾರನ ಖಾತೆಯಂತೆ ಹಿಮಕ್ಕೂ ಜಮಾ-ಖರ್ಚು ಇದೆ. ನಡುನಾಡಿನಲ್ಲಿ ಬೀಳುವ ಹಿಮ ಜಮಾ. ಅಂಚಿನಲ್ಲಿ ಕರಗಿ ಹರಿಯುವ ನೀರು, ಒಡೆದು ಸಮುದ್ರಕ್ಕೆ ಬೀಳುವ ಗಡ್ಡೆಗಳು ಖರ್ಚು. ಆರಂಭದ ಶಿಲ್ಕು ಎಷ್ಟೆಂದು ಗೊತ್ತಿಲ್ಲದೆ, ಖರ್ಚು ಹೀಗೆಯೇ ನಡೆದರೆ ಗಂಟು ಎಷ್ಟು ಕಾಲ ಬಾಳುವುದೆಂದು ಹೇಳುವುದಾದರೂ ಹೇಗೆ? ಶಿಲ್ಕನ್ನು ಎಣಿಸುವ ಉಪಾಯವೊಂದು ಆಲ್ಪ್ಸ್ ಪರ್ವತಗಳ ಹಿಮನದಿಗಳ ಮೇಲೆ ಆಗಲೇ ಪರೀಕ್ಷಿತವಾಗಿದ್ದಿತು. ಮಂಜುಗಡ್ಡೆಯ ಮೇಲೆ ಸಿಡಿಮದ್ದನ್ನು ಸಿಡಿಸಬೇಕು. ಅದರ ಕಂಪನ ಕೆಳಗಿನ ಬಂಡೆಗೆ ತಾಗಿ ಪ್ರತಿಧ್ವನಿಯಂತೆ ಮೇಲಕ್ಕೆ ಬರುತ್ತದೆ. ಕಂಪನವು ಮಂಜುಗಡ್ಡೆಯಲ್ಲಿ ಸೆಕೆಂಡಿಗೆ ಸುಮಾರು 3,800 ಮೀಟರು ಓಡುವುದರಿಂದ, ಹಿಂದಿರುಗಲು ಹಿಡಿದ ಕಾಲವನ್ನು ನೋಡಿ ಆಳವನ್ನು ಲೆಕ್ಕಹಾಕಬಹುದು.

1929ರಲ್ಲಿ ದಾರಿಯನ್ನು ನೋಡಿಬಂದು, 1930ರಲ್ಲಿ ವೆಗೆನರನು ದೊಡ್ಡ ತಂಡದ ನಾಯಕನಾಗಿ ಹೊರಟನು. ಪೂರ್ವ ತೀರದಲ್ಲಿ ಒಂದು, ಪಶ್ಚಿಮದಲ್ಲಿ ಒಂದು, ತೀರದಿಂದ 400 ಕಿಲೋಮೀಟರು ಒಳಗೆ, 3,000 ಮೀಟರು ಎತ್ತರದಲ್ಲಿ ಇನ್ನೊಂದು, ಹೀಗೆ ಮೂರು ಠಾಣ್ಯಗಳು. ನಡುವಿನ ಠಾಣ್ಯಕ್ಕೆ ಐಸ್‌ಮಿಟ್ಟೆ, ಎಂದರೆ ಹಿಮಮಧ್ಯ, ಎಂದು ಹೆಸರು. ಮೊದಲಿನಿಂದಲೂ ವಿಘ್ನಗಳೇ. ತೀರದ ಮಂಜುಗಡ್ಡೆ ಒಡೆಯದೆ ವಾರಗಟ್ಟಲೆ ಕಾಯಬೇಕಾಯಿತು. ವಿಮಾನದ ಎಂಜಿನು ಜೋಡಿಸಿದ ಜಾರುಬಂಡಿಗಳು ಬಹಳ ನೆಚ್ಚಿಕೊಂಡಿದ್ದರೂ ಉಪಯೋಗಕ್ಕೆ ಬರಲಿಲ್ಲ. ಹಿಮಮಧ್ಯದಲ್ಲಿ ಗೆಯೋರ್ಗಿ, ಜೋರ್ಗೆ ಎಂಬ ಇಬ್ಬರು ವಿಜ್ಞಾನಿಗಳು ಮನೆಯಿಲ್ಲದೆ ಹಿಮದಲ್ಲಿಯೇ ಗುಹೆ ಅಗೆದು ಕುಳಿತಿದ್ದರು. ಅಕ್ಟೋಬರ್ 20ರೊಳಗೆ ಸಾಮಾನು ಬಾರದಿದ್ದರೆ ನಡೆದೇ ಹಿಂದಿರುಗುವೆವೆಂದು ಅವರಿಂದ ಪತ್ರ ಬಂದಿತು.

ಆ ಚಳಿಯಲ್ಲಿ ನಡೆದು ಬರುವುದೆಂದರೆ ಸಾವೇ. ವೆಗೆನರನು ಸೆಪ್ಟೆಂಬರಿನಲ್ಲಿ ಲೋವೆ ಎಂಬ ಸಹೋದ್ಯೋಗಿಯನ್ನೂ ಹದಿಮೂರು ಜನ ಗ್ರೀನ್‌ಲೆಂಡಿಗರನ್ನೂ ಕೂಡಿಕೊಂಡು ಹದಿನೈದು ನಾಯಿಬಂಡಿಗಳೊಡನೆ ಹೊರಟನು. ಬಿರುಗಾಳಿಯನ್ನು ಕಂಡು ಗ್ರೀನ್‌ಲೆಂಡಿಗರು ಒಬ್ಬೊಬ್ಬರಾಗಿ ಹಿಂದಿರುಗಿದರು. ಅವರನ್ನು ಹೇಡಿಗಳೆನ್ನಲಾಗದು, ಆ ನಾಡಿನ ಚಳಿ ಏನೆಂಬುದು ಅವರಿಗೆ ತಿಳಿದಿದ್ದಿತು. ರಾಸ್ಮುಸ್ ವಿಲ್ಲುಮ್ಸೆನ್ ಎಂಬ ತರುಣನೊಬ್ಬನು ಮಾತ್ರ ಉಳಿದನು. ಸಾಮಾನಿನ ಬಹುಭಾಗವನ್ನು ದಾರಿಯಲ್ಲಿಯೇ ಬಿಟ್ಟು ಮೂವರೂ ಅಕ್ಟೋಬರ್ 30ರಂದು ಹಿಮಮಧ್ಯವನ್ನು ಮುಟ್ಟಿದರು. ಶೀತವು ಸೊನ್ನೆಗಿಂತ 50 ಡಿಗ್ರಿಗೂ ಕೆಳಗೆ ಇಳಿದಿದ್ದಿತು. ಲೋವೆಯ ಕಾಲ್ಬೆರಳುಗಳು ಮರಗಟ್ಟಿ, ಮುಂದೆ ಅರಿವಳಿಕೆಯಿಲ್ಲದೆಯೇ ಜೇಬುಚಾಕುವಿನಿಂದ ಅವನ್ನು ಕತ್ತರಿಸಬೇಕಾಯಿತು. ವಿಧಿಯೆಂದರೆ, ಒಳಗಿದ್ದವರಿಬ್ಬರೂ ಹೊರಡುವ ಯೋಚನೆಯನ್ನು ಅಷ್ಟರಲ್ಲಿ ಕೈಬಿಟ್ಟು, ಇದ್ದುದರಲ್ಲಿಯೇ ಚಳಿಗಾಲವನ್ನು ಕಳೆಯಲು ನಿಶ್ಚಯಿಸಿದ್ದರು!

ಪತ್ರವನ್ನು ಕಳುಹಿಸಿದವರ ಮೇಲೆ ಮುಂದೆ ತಪ್ಪು ಹೊರಿಸಿದವರುಂಟು. ನನಗೆ ಅದು ನ್ಯಾಯವೆಂದು ತೋರುವುದಿಲ್ಲ. ನಿಸ್ತಂತು ಯಂತ್ರವೂ ಇಲ್ಲದ ಆ ಒಂಟಿ ಠಾಣ್ಯದಿಂದ ಮನಸ್ಸು ಬದಲಾಯಿಸಿದ ಸುದ್ದಿಯನ್ನು ತಿಳಿಸುವ ಬಗೆ ಯಾವುದು?

ಆಹಾರವು ಐವರಿಗೆ ಸಾಲದು. ಲೋವೆ ನಡೆಯಲಾರನು. ನವೆಂಬರ್ 1ರಂದು, ತನ್ನ ಐವತ್ತನೆಯ ಹುಟ್ಟಿದ ದಿನ, ವೆಗೆನರನು ರಾಸ್ಮುಸನೊಡನೆ ಹದಿನೇಳು ನಾಯಿಗಳನ್ನು ಕಟ್ಟಿ ಪಶ್ಚಿಮಕ್ಕೆ ಹೊರಟನು. ಇಬ್ಬರೂ ತೀರವನ್ನು ಸೇರಲಿಲ್ಲ. ಹಿಮಮಧ್ಯದವರು ಅವರು ಊರು ಮುಟ್ಟಿರುವರೆಂದು ತಿಳಿದರು. ತೀರದವರು ಅಲ್ಲಿಯೇ ಉಳಿದಿರುವರೆಂದು ತಿಳಿದರು. 1931ರ ಮೇ 12ರಂದು, ಸುಮಾರು ಅರ್ಧದಾರಿಯಲ್ಲಿ, ಹಿಮದಲ್ಲಿ ನೆಟ್ಟಿದ್ದ ಎರಡು ಸ್ಕೀ ಹಲಗೆಗಳ ನಡುವೆ ವೆಗೆನರನ ದೇಹ ಸಿಕ್ಕಿತು. ಹೆಚ್ಚಿನ ಶ್ರಮದಿಂದ ಹೃದಯ ನಿಂತಿರಬೇಕೆಂದು ಊಹೆ. ರಾಸ್ಮುಸನು ಅದನ್ನು ಹೊದಿಕೆಯಲ್ಲಿ ಜೋಪಾನವಾಗಿ ಹೊಲಿದು ಹೂಳಿ, ಒಡೆಯನ ದಿನಚರಿಯನ್ನು ತೆಗೆದುಕೊಂಡು ಮುಂದೆ ಹೋಗಿದ್ದನು. ಅವನೂ ಆ ದಿನಚರಿಯೂ ಇಂದಿಗೂ ಸಿಕ್ಕಿಲ್ಲ. ವೆಗೆನರನ ಹೆಸರಿನಲ್ಲಿ ಜರ್ಮನಿಯ ಬ್ರೆಮರ್‌ಹಾಫನ್ ಪಟ್ಟಣದಲ್ಲಿ 1980ರಲ್ಲಿ ಧ್ರುವಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. ರಾಸ್ಮುಸನ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಕೆಲಸ ಮಾತ್ರ ನಿಲ್ಲಲಿಲ್ಲ. ಜೋರ್ಗೆಯು ಚಳಿಗಾಲವಿಡೀ ಹದಿನೈದು ಮೀಟರು ಆಳದ ಬಾವಿ ತೋಡಿ, ಹಿಮವು ತನ್ನ ಭಾರದಿಂದಲೇ ಹೇಗೆ ಬಿಗಿಯಾಗುತ್ತ ಹೋಗುವುದೆಂಬುದನ್ನು ಅಳೆದನು. ಅಣ್ಣ ಕುರ್ಟನು ಬಂದು ತಂಡದ ಹೊಣೆ ಹೊತ್ತನು. 1931ರಲ್ಲಿ ಸಿಡಿಮದ್ದು ಸಿಡಿಸಿ ನೋಡಲಾಗಿ, ಹಿಮಮಧ್ಯದ ಕೆಳಗೆ ಎರಡೂವರೆ ಸಾವಿರ ಮೀಟರಿಗೂ ಹೆಚ್ಚು ದಪ್ಪದ ಮಂಜುಗಡ್ಡೆ ಇದೆಯೆಂದು ತಿಳಿಯಿತು. ಎಂದರೆ ಅವರು ನಿಂತಿದ್ದ ಎತ್ತರದಲ್ಲಿ ಬಹುಪಾಲು ನೆಲವೇ ಅಲ್ಲ, ನೀರು! ಆ ದ್ವೀಪದ ಹಿಮವೆಲ್ಲ ಕರಗಿದರೆ ಲೋಕದ ಕಡಲುಗಳು ಏಳು ಮೀಟರಿಗಿಂತ ಹೆಚ್ಚು ಏರುವುವೆಂದು ಈಗ ಲೆಕ್ಕ ಹಾಕಿದ್ದಾರೆ.

ಖರ್ಚಿನ ಕಡೆಯ ಲೆಕ್ಕವನ್ನು ಈಗ ಆಕಾಶದಿಂದ ತೆಗೆಯುತ್ತಾರೆ. ಅಮೆರಿಕ ಮತ್ತು ಜರ್ಮನಿ ಕೂಡಿ 2002ರಲ್ಲಿ ಹಾರಿಸಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಸುಮಾರು 220 ಕಿಲೋಮೀಟರು ಅಂತರದಲ್ಲಿ ಒಂದರ ಹಿಂದೊಂದು ಸುತ್ತುತ್ತಿದ್ದುವು. ಕೆಳಗಿನ ಹಿಮದ ರಾಶಿಯ ಸೆಳೆತ ಹೆಚ್ಚು ಕಡಮೆಯಾದಂತೆ ಅವುಗಳ ನಡುವಣ ಅಂತರವೂ ಕೂದಲೆಳೆಯಷ್ಟು ಬದಲಾಗುತ್ತಿದ್ದಿತು. ಅದರಿಂದ ಹಿಮದ ತೂಕವನ್ನೇ ತಿಳಿಯುತ್ತಿದ್ದರು. 2017ರಲ್ಲಿ ಅವು ನಿಂತವು, 2018ರಲ್ಲಿ ಅವುಗಳ ಬದಲಿಗೆ ಬೇರೊಂದು ಜೋಡಿ ಹೋಯಿತು. ಇವು ತೋರಿಸಿದ ಪ್ರಕಾರ 2002ರಿಂದೀಚೆಗೆ ಗ್ರೀನ್‌ಲೆಂಡು ವರ್ಷಕ್ಕೆ ಸರಾಸರಿ ಸುಮಾರು 27,000 ಕೋಟಿ ಟನ್ ಮಂಜುಗಡ್ಡೆಯನ್ನು ಕಳೆದುಕೊಂಡಿದೆ.