ಆಯ್ದಕ್ಕಿ ಲಕ್ಕಮ್ಮನ ಸಂಸಾರ

ಗಂಡಹೆಂಡಿರ ಜಗಳವು ಉಂಡು ಮಲಗುವ ತನಕ ಮಾತ್ರವೆಂದು ನಮ್ಮ ಹಿರಿಯರು ಆಡಿಕೊಳ್ಳುವುದುಂಟು. ಆದರೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಪಟ್ಟಣದ ಬಡವರ ಮನೆಯೊಂದರಲ್ಲಿ ನಡೆದ ಜಗಳವು ಉಣ್ಣುವುದಕ್ಕಿಂತ ಮೊದಲೇ ತೀರಬೇಕಾಗಿತ್ತು. ಅದು ತೀರದ ಹೊರತು ಆ ಮನೆಯ ಒಲೆಯ ಮೇಲೆ ಗಡಿಗೆ ಏರುವಂತಿರಲಿಲ್ಲ. ಜಗಳಕ್ಕೆ ಕಾರಣ ಒಂದಿಷ್ಟು ಅಕ್ಕಿ. ಅದೂ ಕಡಿಮೆಯಾಯಿತೆಂದಲ್ಲ, ಹೆಚ್ಚಾಯಿತೆಂದು! ಆ ಮನೆಯ ಒಡತಿಯೇ ಆಯ್ದಕ್ಕಿ ಲಕ್ಕಮ್ಮ. ಆಕೆಯ ಪತಿ ಮಾರಯ್ಯ.

ಈ ದಂಪತಿಗಳ ಮೂಲಸ್ಥಳವು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರವೆಂದು ಸಂಪ್ರದಾಯವು ಹೇಳುತ್ತದೆ. ಬಸವಣ್ಣನವರ ಕೀರ್ತಿಯನ್ನು ಕೇಳಿ ಇಬ್ಬರೂ ಕಲ್ಯಾಣಕ್ಕೆ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ, ಬಂದು ನೆಲೆಸಿದರು. ಅಲ್ಲಿ ಪ್ರತಿಯೊಬ್ಬ ಶರಣನಿಗೂ ಒಂದು ಕಾಯಕವಿತ್ತು. ಅಂಬಿಗರ ಚೌಡಯ್ಯನು ದೋಣಿ ನಡೆಸಿದನು. ನುಲಿಯ ಚಂದಯ್ಯನು ಹಗ್ಗ ಹೊಸೆದನು. ಮೋಳಿಗೆಯ ಮಾರಯ್ಯನು ಕಟ್ಟಿಗೆಯ ಹೊರೆ ಹೊತ್ತು ಮಾರಿದನು. ನಮ್ಮ ಮಾರಯ್ಯನು ಹಿಡಿದದ್ದು ನೋಟಕ್ಕೆ ಎಲ್ಲಕ್ಕಿಂತಲೂ ಕಿರಿದಾದ ಕಾಯಕ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದು. ಅದನ್ನೇ ಲಕ್ಕಮ್ಮನು ಅಡಿಗೆ ಮಾಡಿ, ಜಂಗಮರಿಗೆ ನೀಡಿ, ಉಳಿದುದನ್ನು ಇಬ್ಬರೂ ಉಣ್ಣುವರು.

ಕಾಳು ಆಯುವುದೂ ಒಂದು ಕಾಯಕವೇ ಎಂದು ಕೆಲವರು ನಗಬಹುದು. ನಮ್ಮ ಅಸುಂಡಿಯ ಸುತ್ತಿನ ಹೊಲಗಳಲ್ಲಿ ಜೋಳದ ಕೊಯ್ಲು ಮುಗಿದ ಮೇಲೆ ಹಕ್ಕಲು ಆಯುವ ಹೆಂಗಸರನ್ನು ಕಂಡವರು ಮಾತ್ರ ನಗಲಾರರು. ಈ ಬದುವಿನಿಂದ ಆ ಬದುವಿಗೆ ನಡು ಬಗ್ಗಿಸಿ ನಡೆದರೆ ಉಡಿ ತುಂಬುವ ಹೊತ್ತಿಗೆ ಸಂಜೆಯಾಗುತ್ತದೆ. ಹಕ್ಕಲು ಭಿಕ್ಷೆಯಲ್ಲ. ಯಾರಿಗೂ ಕೈಯೊಡ್ಡದೆ, ಬಿದ್ದುದನ್ನು ಎತ್ತಿಕೊಳ್ಳುವ ದುಡಿಮೆ. ಈ ಭೇದವನ್ನು ಗ್ರಹಿಸದಿದ್ದರೆ ಲಕ್ಕಮ್ಮನ ಸಿಟ್ಟಿನ ಮರ್ಮವು ನಮಗೆ ತಿಳಿಯದು.

ಮಾರಯ್ಯನಿಗೆ ಒಂದು ದೌರ್ಬಲ್ಯವಿತ್ತು. ಒಳ್ಳೆಯ ಮಾತು ಕಿವಿಗೆ ಬಿದ್ದರೆ ಹೊತ್ತಿನ ಪರಿವೆ ಇರುತ್ತಿರಲಿಲ್ಲ. ಒಂದು ದಿನ ಅನುಭವ ಮಂಟಪದಲ್ಲಿ ಅಲ್ಲಮಪ್ರಭುಗಳೊಡನೆ ಮಾತಿಗೆ ಕುಳಿತವನು ಕಾಯಕವನ್ನೇ ಮರೆತುಬಿಟ್ಟನು. ಚರ್ಚೆಯ ವಿಷಯವಾದರೂ ಏನು? ಅದೇ ಕಾಯಕದ ಹಿರಿಮೆ! ಕಾಯಕದ ಮಹತ್ವವನ್ನು ವಾದಿಸುತ್ತ ಕಾಯಕವನ್ನು ಮರೆತ ಗಂಡನಿಗೆ ಅದನ್ನು ನೆನಪಿಸಿದವಳು ಲಕ್ಕಮ್ಮ. ಅಗಸಿಯ ಕಟ್ಟೆಯ ಮೇಲೆ ಊರಿನ ನ್ಯಾಯವನ್ನೆಲ್ಲ ಬಗೆಹರಿಸುತ್ತ ಕುಳಿತ ಯಜಮಾನನನ್ನು ಮನೆಯ ಕೆಲಸಕ್ಕೆ ಎಬ್ಬಿಸುವ ಗೃಹಿಣಿಯು ಇಂದಿಗೂ ಪ್ರತಿ ಹಳ್ಳಿಯಲ್ಲಿದ್ದಾಳೆ. ಮಾರಯ್ಯನು ಎದುರಾಡಲಿಲ್ಲ, ಲಗುಬಗೆಯಿಂದ ಎದ್ದು ಹೋದನು.

ಹೋದವನು ಅಂದು ಎಂದಿಗಿಂತ ಹೆಚ್ಚು ಅಕ್ಕಿ ತಂದನು. ನನಗೆ ಇಲ್ಲಿ ಅವನ ಮೇಲೆ ಮರುಕವೇ ಹುಟ್ಟುತ್ತದೆ. ಹೊತ್ತು ಮಾಡಿ ಮನೆಗೆ ಬರುವ ಗದಗಿನ ಗಂಡಸು ಕೈಯಲ್ಲಿ ಬಿಸಿ ಮಿರ್ಚಿಯ ಪೊಟ್ಟಣ ಹಿಡಿದೇ ಬಾಗಿಲು ತಟ್ಟುತ್ತಾನೆ. ಹೆಂಡತಿ ಹಿಗ್ಗಲೆಂದು ಮಾರಯ್ಯನೂ ಉಡಿ ತುಂಬಿಸಿಕೊಂಡು ಬಂದಿರಬೇಕು. ಆದರೆ ಲಕ್ಕಮ್ಮನಿಗೆ ನಿತ್ಯದ ಅಳತೆ ಗೊತ್ತಿತ್ತು. ಈ ಹೆಚ್ಚಳವು ಯಾರ ಮನಸ್ಸಿನದು, ನಿನ್ನದೋ ಬಸವಣ್ಣನವರದೋ ಎಂದು ಕೇಳಿದಳು. ಆಸೆ ಅರಸರಿಗೆ ಒಪ್ಪೀತು, ನಮಗೇಕೆ ಎಂದಳು. ಹೆಚ್ಚಾದುದನ್ನು ತಂದ ಜಾಗದಲ್ಲಿಯೇ ಸುರಿದು ಬರಲು ಹೇಳಿದಳು.

ಆಕೆಯ ಪ್ರಶ್ನೆಯಲ್ಲಿ ಎರಡು ಅಲಗುಗಳಿವೆ. ಅಕ್ಕಿ ಮಾರಯ್ಯನ ಆಸೆಯಿಂದ ಹೆಚ್ಚಿದ್ದರೆ ಅದು ಮನೆಯವನ ತಪ್ಪು. ಬಡವರೆಂದು ಕನಿಕರಿಸಿ ಯಾರೋ ಬೇಕೆಂದೇ ಚೆಲ್ಲಿದ್ದರೆ ಅದು ದಾನ. ಅದನ್ನು ಎತ್ತಿಕೊಂಡ ಕೈ ದುಡಿಯುವ ಕೈಯಾಗಿ ಉಳಿಯದು. ಬಸವಣ್ಣನವರಂಥ ಮಹಾನುಭಾವರ ಔದಾರ್ಯವನ್ನೂ ಒಬ್ಬ ಬಡ ಹೆಣ್ಣುಮಗಳು ಹೊಸ್ತಿಲಲ್ಲಿಯೇ ತಡೆದು ನಿಲ್ಲಿಸಿದಳು. ತನ್ನ ಗಂಡನ ಮಾನವನ್ನು ಗಂಡನಿಗಿಂತ ಹೆಚ್ಚಾಗಿ ಕಾಯ್ದಳು.

ಮಾರಯ್ಯನ ದೊಡ್ಡಸ್ತಿಕೆಯನ್ನೂ ನಾವು ಮರೆಯಬಾರದು. ಹಸಿದು ಬಂದವನು, ದಣಿದು ಬಂದವನು, ಹೆಂಡತಿಯ ಮಾತಿಗೆ ತಲೆಬಾಗಿ ಅದೇ ದಾರಿಯಲ್ಲಿ ಮರಳಿ ನಡೆದನು. ಅಷ್ಟಕ್ಕೇ ನಿಲ್ಲದೆ, ಮುಂದಿನ ನೆಲೆಯನ್ನು ತನಗೆ ತಿಳಿಸಿಕೊಡೆಂದು ಆಕೆಯನ್ನೇ ಬೇಡಿಕೊಂಡನು. ಅಂದಿನಿಂದ ಹೆಂಡತಿಯೇ ಗುರುವಾದಳು, ಗಂಡನು ಶಿಷ್ಯನಾದನು. ಈ ಪ್ರಸಂಗವೆಲ್ಲ ಹದಿನೈದನೆಯ ಶತಮಾನದಿಂದ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ ಒಂದು ಅಧ್ಯಾಯವಾಗಿ ಬೆಳೆದಿದೆ. ಆಮೇಲೆ ಅವರ ಮನೆಯಲ್ಲಿ 1,96,000 ಜಂಗಮರು ಉಂಡು ತೃಪ್ತರಾದರೆಂದು ಕಥೆಯುಂಟು. ಪವಾಡವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಉಣಬಡಿಸಿದ್ದು ಯಾವ ಅಕ್ಕಿಯನ್ನು ಎಂಬುದನ್ನು ಕಥೆ ಮರೆತಿಲ್ಲ. ಹೆಚ್ಚಾದುದನ್ನು ಮರಳಿ ಸುರಿದ ಮೇಲೆ ಉಳಿದ ಅಕ್ಕಿಯನ್ನು!

ಲಕ್ಕಮ್ಮನ ವಚನಗಳಲ್ಲಿ 25 ನಮಗೆ ದೊರೆತಿವೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಅಂಥವರ ಶ್ರಮದಿಂದಲೇ ಶರಣರ ವಚನಗಳು ಮಠದ ಕಟ್ಟುಗಳಿಂದ ಹೊರಬಂದು ನಮ್ಮಂಥ ವಿದ್ಯಾರ್ಥಿಗಳ ಕೈ ಸೇರಿದವು. ಆಕೆಯ ವಚನಗಳಲ್ಲಿ ಹಲವು ಮಾರಯ್ಯನನ್ನೇ ಕರೆದು ಹೇಳಿದಂಥವು. ಎಲ್ಲದರ ಕೊನೆಗೆ ಬರುವ ಅಂಕಿತವು ಮಾರಯ್ಯಪ್ರಿಯ ಅಮಲೇಶ್ವರಲಿಂಗ. ಗಂಡನನ್ನು ತಿದ್ದುವ ಮಾತಿನಲ್ಲಿಯೂ ದೇವರನ್ನು ಗಂಡನ ಹೆಸರಿನಿಂದಲೇ ಗುರುತಿಸಿದ್ದಾಳೆ! ನಮ್ಮ ಸೀಮೆಯ ಮದುವೆಗಳಲ್ಲಿ ಗಂಡನ ಹೆಸರು ಹೇಳೆಂದು ಮದುಮಗಳನ್ನು ಕಾಡುವುದುಂಟು. ಆಕೆ ನಾಚಿ, ಒಡಪು ಹಾಕಿ, ನಡುವೆ ಆ ಹೆಸರನ್ನು ಮೆಲ್ಲನೆ ಸೇರಿಸುತ್ತಾಳೆ. ಲಕ್ಕಮ್ಮನು ತನ್ನ ಬಾಳೆಲ್ಲ ಒಡಪು ಹಾಕಿದಳೆಂದೇ ನನಗೆ ತೋರುತ್ತದೆ.

ಈ ಜೀವನದಿಂದ ನಾವು ಕಲಿಯತಕ್ಕದ್ದೇನು? ಇನ್ನೆರಡು ವರುಷಗಳಲ್ಲಿ ನಮ್ಮಲ್ಲಿ ಹಲವರು ಕಚೇರಿ, ಶಾಲೆಗಳಲ್ಲಿ ನೌಕರಿ ಹಿಡಿಯುವೆವು. ಮನೆಯಲ್ಲಿ ಮೊದಲು ಓದಿದವರ ಸಂಬಳದ ಮೇಲೆ ಇಡೀ ಮನೆತನದ ಕಣ್ಣು ಇರುತ್ತದೆ. ವರನ ಸಂಬಳದ ಜೊತೆಗೆ ಗಿಂಬಳವನ್ನೂ ವಿಚಾರಿಸಿ ಹೆಣ್ಣು ಕೊಡುವವರು ನಮ್ಮಲ್ಲಿ ಇಲ್ಲದಿಲ್ಲ. ಅಂಥ ಮನೆಗಳಿಗೆ ಹೆಚ್ಚಿನ ಅಕ್ಕಿ ಬಂದ ದಿನ ಹಬ್ಬ. ಎಲ್ಲಿಂದ ಬಂತೆಂದು ಕೇಳುವವರು ಮನೆಯೊಳಗೆ ಒಬ್ಬರಿದ್ದರೆ ಮರಳಿ ಸುರಿದು ಬರುವ ದಾರಿ ಅಷ್ಟು ದೂರವೆನಿಸದು. ಕೇಳುವವಳು ಹೆಂಡತಿಯೇ ಆಗಬೇಕೆಂದಿಲ್ಲ; ಹೆಂಡತಿ ದುಡಿದು ತಂದಾಗ ಗಂಡನೂ ಕೇಳಬಹುದು. ಆದರೆ ಕೇಳುವವರಿಗೆ ಲಕ್ಕಮ್ಮನ ಪ್ರೀತಿ ಇರಬೇಕು, ಕೇಳಿಸಿಕೊಳ್ಳುವವರಿಗೆ ಮಾರಯ್ಯನ ತಾಳ್ಮೆ ಇರಬೇಕು.