ಏಟಿನ ಬಲ ಅಳೆದ ಬರ್ಟ್ರಮ್ ಹಾಪ್ಕಿನ್ಸನ್

ಸುಲಿದ ತೆಂಗಿನಕಾಯಿಯ ಮೇಲೆ ಕೈಯೂರಿ ಎಷ್ಟೇ ಒತ್ತಿದರೂ ಅದು ಒಡೆಯುವುದಿಲ್ಲ. ಅದನ್ನೇ ಕಲ್ಲಿಗೆ ಒಮ್ಮೆ ಅಪ್ಪಳಿಸಿದರೆ ಎರಡು ಹೋಳು. ಭಾರ ಹೇರುವುದೇ ಬೇರೆ, ಏಟು ಕೊಡುವುದೇ ಬೇರೆ ಎಂಬುದು ಕಮ್ಮಾರರಿಗೆ, ಕಲ್ಲು ಒಡೆಯುವವರಿಗೆ ಹಿಂದಿನಿಂದಲೂ ಗೊತ್ತು. ಆದರೆ ಏಟಿನ ಬಲವನ್ನು ಅಳೆಯುವುದು ಹೇಗೆ? ತಕ್ಕಡಿಯ ಮುಳ್ಳು ಅಲುಗುವ ಮೊದಲೇ ಏಟು ಮುಗಿದುಹೋಗಿರುತ್ತದೆ. ಈ ಕಷ್ಟಕ್ಕೆ ದಾರಿ ಕಂಡುಕೊಟ್ಟವರು ಇಂಗ್ಲೆಂಡಿನ ವಿಜ್ಞಾನಿ ಬರ್ಟ್ರಮ್ ಹಾಪ್ಕಿನ್ಸನ್.

ಅವರು ಹುಟ್ಟಿದ್ದು 1874ರ ಜನವರಿ 11ರಂದು, ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ತಂದೆ ಜಾನ್ ಹಾಪ್ಕಿನ್ಸನ್ ದೀಪಸ್ತಂಭಗಳ ದೀಪ, ಡೈನಮೋಗಳನ್ನು ಸುಧಾರಿಸಿ ಹೆಸರಾದ ಇಂಜಿನಿಯರ್. ಮಗ ಹುಟ್ಟುವ ಎರಡು ವರ್ಷ ಮೊದಲು, 1872ರಲ್ಲಿ, ಅವರು ಒಂದು ಸರಳ ಪ್ರಯೋಗದ ವಿವರ ಪ್ರಕಟಿಸಿದ್ದರು. ಮೇಲಿನಿಂದ ಇಳಿಬಿಟ್ಟ ಕಬ್ಬಿಣದ ತಂತಿಯ ಕೆಳತುದಿಗೆ ತೂಕದ ಗುಂಡು ಬಂದು ಬಡಿಯುವಂತೆ ಮಾಡುವುದು, ಅಷ್ಟೆ. ತಂತಿ ತುಂಡಾಗುವುದು ಗುಂಡಿನ ತೂಕಕ್ಕಿಂತ ಹೆಚ್ಚಾಗಿ ಅದು ಬೀಳುವ ಎತ್ತರವನ್ನು, ಅಂದರೆ ವೇಗವನ್ನು, ಅವಲಂಬಿಸಿತ್ತು. ಇನ್ನೊಂದು ವಿಚಿತ್ರವೆಂದರೆ, ಏಟು ಬೀಳುವುದು ಕೆಳಗೆ, ತಂತಿ ತುಂಡಾಗುವುದು ಕೆಲವೊಮ್ಮೆ ಮೇಲೆ. ಏಟು ಅಲೆಯಾಗಿ ತಂತಿಯಲ್ಲಿ ಮೇಲೇರಿ, ಬಿಗಿದ ತುದಿಯಲ್ಲಿ ಇಮ್ಮಡಿಯಾಗುವುದೇ ಇದಕ್ಕೆ ಕಾರಣ.

ಮಗ ಮೊದಲು ಹಿಡಿದದ್ದು ಬೇರೆ ದಾರಿ. ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಗಣಿತ ಓದಿ, ನಂತರ ಕಾನೂನು ಕಲಿತು, 1897ರಲ್ಲಿ ಬ್ಯಾರಿಸ್ಟರ್ ಆದರು. ಮರುವರ್ಷವೇ ಮನೆಗೆ ಸಿಡಿಲು ಬಡಿಯಿತು. 1898ರ ಆಗಸ್ಟ್ 27ರಂದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತ ಹತ್ತುವಾಗ ತಂದೆ, ಒಬ್ಬ ತಮ್ಮ, ಇಬ್ಬರು ಸಹೋದರಿಯರು ಒಟ್ಟಿಗೇ ಬಿದ್ದು ಸತ್ತರು. ಬರ್ಟ್ರಮ್‌ಗೆ ಆಗ 24 ವರ್ಷ. ವಕೀಲಿಕೆ ಬಿಟ್ಟು, ತಂದೆ ಮಾಡುತ್ತಿದ್ದ ಇಂಜಿನಿಯರಿಂಗ್ ಕೆಲಸಕ್ಕೆ ಇಳಿದರು. 1903ರಲ್ಲಿ, 29ನೇ ವಯಸ್ಸಿಗೇ, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರದ ಪ್ರಾಧ್ಯಾಪಕರಾದರು.

ಆ ಹೊತ್ತಿಗೆ ಲೋಹದ ಗಡಸುತನ ಅಳೆಯಲು ಸ್ವೀಡನ್ನಿನ ಬ್ರಿನೆಲ್ ಎಂಬವರ ಕ್ರಮ ಬಂದಿತ್ತು. ಗಟ್ಟಿ ಉಕ್ಕಿನ ಗೋಲಿಯನ್ನು ಲೋಹದ ಮೇಲೆ ನಿಧಾನವಾಗಿ ಒತ್ತಿ, ಬಿದ್ದ ಗುಳಿಯನ್ನು ಅಳೆಯುವುದು ಆ ಕ್ರಮ. ಆದರೆ ನಿಧಾನವಾಗಿ ಒತ್ತಿದಾಗ ಸಿಕ್ಕ ಲೆಕ್ಕ, ರಭಸದ ಏಟಿಗೆ ಹೊಂದುತ್ತದೆಯೇ? ತಂದೆಯ ತಂತಿಯ ಪ್ರಯೋಗವನ್ನೇ ಮತ್ತೆ ಮಾಡಿ ಮಗ 1905ರಲ್ಲಿ ಉತ್ತರ ಕೊಟ್ಟರು. ಹೊಂದುವುದಿಲ್ಲ. ನಿಧಾನವಾಗಿ ಎಳೆದರೆ ತಂತಿಯನ್ನು ಕೆಡಿಸಿಬಿಡುವಷ್ಟು ಬಲವನ್ನು, ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತಾದರೆ ಅದೇ ತಂತಿ ತಡೆದುಕೊಳ್ಳುತ್ತಿತ್ತು. ಕ್ಷಣದ ಏಟಿಗೆ ಕಬ್ಬಿಣ ಇನ್ನೂ ಗಟ್ಟಿ.

ಅವರ ಹೆಸರು ಉಳಿಸಿದ ಉಪಕರಣ ಬಂದದ್ದು 1914ರಲ್ಲಿ. ಸಾಲಾಗಿ ತಾಗಿಸಿಟ್ಟ ಕೇರಂ ಪಾನುಗಳ ಒಂದು ತುದಿಗೆ ಸ್ಟ್ರೈಕರ್ ಬಡಿದರೆ, ನಡುವಿನವು ಹೆಚ್ಚು ಕದಲದೆ ಕೊನೆಯದು ಹಾರಿಹೋಗುವುದನ್ನು ನಾವು ನೋಡಿದ್ದೇವೆ. ಇದೂ ಹಾಗೆಯೇ. ಉದ್ದನೆಯ ಉಕ್ಕಿನ ಸರಳನ್ನು ಅಡ್ಡವಾಗಿ ತೂಗುಬಿಟ್ಟು, ಅದರ ಒಂದು ತುದಿಗೆ ಗಿಡ್ಡ ತುಂಡೊಂದನ್ನು ಅಂಟಿಸಿದರು. ಇನ್ನೊಂದು ತುದಿಗೆ ಬಂದೂಕಿನ ಗುಂಡು ಹೊಡೆದರು ಅಥವಾ ಸಿಡಿಮದ್ದು ಸಿಡಿಸಿದರು. ಏಟಿನ ಅಲೆ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಸರಳಿನೊಳಗೆ ಓಡಿ, ಗಿಡ್ಡ ತುಂಡನ್ನು ಎಗರಿಸುತ್ತಿತ್ತು. ಹಾರಿದ ತುಂಡು ತೂಗುಬಿಟ್ಟ ಪೆಟ್ಟಿಗೆಯೊಳಗೆ ಬೀಳುತ್ತಿತ್ತು. ಪೆಟ್ಟಿಗೆ ಎಷ್ಟು ತೂಗಿತೆಂದು ನೋಡಿದರೆ ತುಂಡಿನ ವೇಗ ಸಿಗುತ್ತದೆ. ತುಂಡಿನ ಉದ್ದ ಬದಲಿಸುತ್ತ ಹೋದರೆ ಏಟಿನ ಗರಿಷ್ಠ ಬಲ, ಅದು ಎಷ್ಟು ಹೊತ್ತು ಇತ್ತು ಎಂಬ ಎರಡೂ ಲೆಕ್ಕ ಸಿಗುತ್ತವೆ. ವಿದ್ಯುತ್ ಮಾಪಕವಿಲ್ಲದೆ, ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತಿನ ಸಂಗತಿಯನ್ನು ಅಳೆದರು!

ಅದೇ ವರ್ಷ ಮೊದಲ ಮಹಾಯುದ್ಧ ಆರಂಭವಾಯಿತು. ಹಾಪ್ಕಿನ್ಸನ್ ಸೇನೆಗೆ ಸೇರಿದರು. ಸಿಡಿತದ ಬಗ್ಗೆ ಅವರಿಗಿದ್ದ ತಿಳಿವಳಿಕೆ, ಟಾರ್ಪೆಡೋ ದಾಳಿಯಿಂದ ಯುದ್ಧನೌಕೆಗಳನ್ನು ಕಾಪಾಡಲು ಹೊರಮೈಗೆ ಉಬ್ಬು ಕವಚ ಕೊಡುವ ಕೆಲಸಕ್ಕೆ ನೆರವಾಯಿತು. ಬಳಿಕ ವಿಮಾನಗಳ ಬಾಂಬು, ಬಂದೂಕುಗಳ ಪರೀಕ್ಷೆಯ ಹೊಣೆ ಬಂತು. ಆಕಾಶದ ಕಷ್ಟ ತಾನೇ ತಿಳಿಯಬೇಕೆಂದು ನಲವತ್ತು ದಾಟಿದ ಮೇಲೆ ವಿಮಾನ ಹಾರಿಸಲು ಕಲಿತರು. 1918ರ ಆಗಸ್ಟ್ 26ರಂದು ಒಬ್ಬರೇ ಲಂಡನ್ನಿನತ್ತ ಹಾರುತ್ತಿದ್ದಾಗ, ಕೆಟ್ಟ ಹವೆಯಲ್ಲಿ ವಿಮಾನ ನೆಲಕ್ಕಪ್ಪಳಿಸಿತು. ಆಗ ಅವರಿಗೆ 44 ವರ್ಷ. ತಂದೆ ತೀರಿಕೊಂಡು 20 ವರ್ಷ ತುಂಬಲು ಒಂದೇ ದಿನ ಉಳಿದಿತ್ತು. ಹೆಂಡತಿ ಮತ್ತು ಏಳು ಹೆಣ್ಣುಮಕ್ಕಳನ್ನು ಬಿಟ್ಟು ಹೋದರು.

ಕೆಲಸ ಮಾತ್ರ ನಿಲ್ಲಲಿಲ್ಲ. 1949ರಲ್ಲಿ ಕೋಲ್ಸ್ಕಿ ಎಂಬವರು ಒಂದರ ಬದಲು ಎರಡು ಸರಳು ಬಳಸಿ, ಅವುಗಳ ನಡುವೆ ಪರೀಕ್ಷಿಸಬೇಕಾದ ವಸ್ತುವಿನ ತೆಳು ಬಿಲ್ಲೆ ಇಡುವ ಕ್ರಮ ತಂದರು. ಲೋಹ, ಕಲ್ಲು, ಕಾಂಕ್ರೀಟುಗಳು ಏಟಿಗೆ ಹೇಗೆ ನಿಲ್ಲುತ್ತವೆಂದು ನೋಡಲು ಇಂದಿಗೂ ಇದೇ ಆಧಾರ. ಬ್ರಿನೆಲ್‌ನ ಗೋಲಿಯನ್ನೂ ವೇಗಕ್ಕೆ ಹೊಂದಿಸಿಕೊಂಡರು. ಪುಟ್ಟ ಗಟ್ಟಿ ಗೋಲಿಯನ್ನು ಲೋಹಕ್ಕೆ ರಭಸದಿಂದ ಹೊಡೆದು, ಅದು ಕಳೆದುಕೊಂಡ ಶಕ್ತಿಯನ್ನು ಗುಳಿಯ ಗಾತ್ರದಿಂದ ಭಾಗಿಸಿದರೆ ಏಟಿನ ಹೊತ್ತಿನ ಗಡಸುತನ ಸಿಗುತ್ತದೆ. ನಮ್ಮ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯದ ವಿಜ್ಞಾನಿಗಳೂ 1990ರ ಆಸುಪಾಸಿನಲ್ಲಿ ಈ ಕ್ರಮವನ್ನು ಬೆಳೆಸಿದರು.

ಜಗತ್ತಿನ ಪ್ರಯೋಗಾಲಯಗಳಲ್ಲಿ ಆ ಸರಳಿಗೆ ಈಗಲೂ ಹಾಪ್ಕಿನ್ಸನ್ ಸರಳು ಎಂದೇ ಹೆಸರು. ಅಪ್ಪ ಒಂದು ತಂತಿಯಲ್ಲಿ ಕಂಡ ಪ್ರಶ್ನೆಯನ್ನು ಮಗ ಕೈಬಿಡಲಿಲ್ಲ.